ಎರೆ, ಮಸಾರಿ, ಬಂಡೆ: ಗ್ಯಾಸು ಬರುವ ದಾರಿ

ಸೊನ್ನೆಗಿಂತ 162 ಡಿಗ್ರಿ ಕೆಳಗೆ! ಅಷ್ಟು ತಣ್ಣಗಾದಾಗ ನೈಸರ್ಗಿಕ ಅನಿಲ ದ್ರವವಾಗಿ, ತನ್ನ ಗಾತ್ರದ ಆರುನೂರನೇ ಒಂದು ಪಾಲಿಗೆ ಕುಗ್ಗಿ, ಹಡಗಿನ ಹೊಟ್ಟೆ ಸೇರುತ್ತದೆ. ಅರಬ್ಬಿ ಸಮುದ್ರ ದಾಟಿ ರತ್ನಾಗಿರಿ ಜಿಲ್ಲೆಯ ದಾಭೋಳಕ್ಕೆ ಬಂದಿಳಿಯುತ್ತದೆ. ಅಲ್ಲಿ ಅದನ್ನು ಬೆಚ್ಚಗೆ ಮಾಡಿ ಮತ್ತೆ ಅನಿಲವಾಗಿಸಿ ಉಕ್ಕಿನ ಪೈಪಿಗೆ ಬಿಟ್ಟರೆ, ಅದು ಸಹ್ಯಾದ್ರಿಯನ್ನು ದಾಟಿ, ಬೆಳಗಾವಿ, ಧಾರವಾಡ, ಗದಗದ ಹೊಲಗಳಡಿ ನುಸುಳಿ, ತುಂಗಭದ್ರೆಯನ್ನೂ ಹಾಯ್ದು, ಚಿತ್ರದುರ್ಗ, ತುಮಕೂರು ಹಿಂದೆ ಹಾಕಿ ಬೆಂಗಳೂರಿನ ಬಾಗಿಲು ತಟ್ಟುತ್ತದೆ. 2013ರಿಂದ ಇದು ನಡೆಯುತ್ತಿದೆ. ನಮ್ಮ ಕೊಪ್ಪಳದ ಪಕ್ಕದ ಜಿಲ್ಲೆಯ ಜೋಳದ ಬೇರಿನಡಿ ಕಡಲಾಚೆಯ ಅನಿಲ ಓಡುತ್ತಿದೆ ಅಂದರೆ ಮೈ ಜುಮ್ಮೆನ್ನುವುದಿಲ್ಲವೇ?

ಇನ್ನೂ ಸೋಜಿಗ ಕೇಳಿ. ದಾಭೋಳದ ಆ ನೆಲೆ ಮೂಲತಃ ಎನ್ರಾನ್ ಕಂಪನಿಯ ಕನಸು. ಎನ್ರಾನ್ 2001ರಲ್ಲಿ ಮುಳುಗಿತು. ಅದು ಬಿಟ್ಟುಹೋದ ಅರೆಬರೆ ಕಟ್ಟೋಣವೇ ಮುಂದೆ ಕರ್ನಾಟಕದ ಅನಿಲದ ತಲೆಬಾಗಿಲಾಯಿತು. ಅಲೆತಡೆಗೋಡೆ ಪೂರ್ತಿಯಾಗದ ಕಾರಣ ವರ್ಷಗಟ್ಟಲೆ ಮಳೆಗಾಲದಲ್ಲಿ ಅಲ್ಲಿ ಹಡಗು ನಿಲ್ಲುತ್ತಿರಲಿಲ್ಲ ಎಂಬುದು ಬೇರೆ ಮಾತು.

ಗೇಲ್ ಕಂಪನಿ ಹಾಕಿಸಿದ ಆ ದಾಭೋಳ–ಬೆಂಗಳೂರು ಪೈಪ್‌ಲೈನು ಕವಲುಗಳೂ ಸೇರಿ ಸುಮಾರು ಸಾವಿರ ಕಿಲೋಮೀಟರು. ಒಂದೊಂದು ಪೈಪು ಹನ್ನೆರಡು ಮೀಟರ್ ಉದ್ದ. ಲೆಕ್ಕ ಹಾಕಿ: ಎಂಬತ್ತು ಸಾವಿರಕ್ಕೂ ಹೆಚ್ಚು ಜೋಡಣೆ! ಪ್ರತಿ ಜೋಡಣೆಯೂ ಬಯಲಲ್ಲಿ, ಬಿಸಿಲಲ್ಲಿ, ಮಂಡಿಯೂರಿ ಕೂತ ವೆಲ್ಡರುಗಳ ಕೈಕೆಲಸ. ಬೆಸುಗೆ ಪದರಪದರವಾಗಿ ಬೀಳುತ್ತದೆ: ಮೊದಲು ರೂಟ್, ಅದರ ಮೇಲೆ ಹಾಟ್, ಆಮೇಲೆ ಫಿಲ್ಲರ್, ಕೊನೆಗೆ ಕ್ಯಾಪ್. ಬೆಸುಗೆ ಆರಿದ ಮೇಲೆ ಎಕ್ಸ್‌ರೇ. ಕೂದಲೆಳೆಯಷ್ಟು ಬಿರುಕು ಕಂಡರೂ ಕತ್ತರಿಸಿ ಮತ್ತೆ ಮೊದಲಿಂದ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ನಂತರದ ಪರೀಕ್ಷೆ. ಪೈಪಿನ ಮೈಗೆ ಹೊದಿಸಿದ ಪ್ಲಾಸ್ಟಿಕ್ ಪದರದ ಮೇಲೆ ಸ್ಪ್ರಿಂಗಿನ ಬಳೆಯೊಂದನ್ನು ಉರುಳಿಸಿಕೊಂಡು ಹೋಗುತ್ತಾರೆ. ಅದರಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ತು. ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಚಟ್ ಎಂದು ಕಿಡಿ! ಅಲ್ಲೇ ತೇಪೆ. ಮಣ್ಣಿಗಿಳಿದ ಮೇಲೂ ತುಕ್ಕು ಹತ್ತದಂತೆ ಪೈಪಿಗೆ ಹಗಲಿರುಳು ಸಣ್ಣ ವಿದ್ಯುತ್ತಿನ ಕಾವಲು. ಇಷ್ಟೆಲ್ಲ ಯಾಕೆ ಅನ್ನುವವರು 2014ರ ಜೂನ್ 27ರಂದು ಆಂಧ್ರದ ನಗರಂ ಹಳ್ಳಿಯಲ್ಲಿ ಆದದ್ದನ್ನು ನೆನೆಯಬೇಕು. ತುಕ್ಕು ತಿಂದ ಪೈಪು ಸೋರಿ, ಬೆಂಕಿ ಹತ್ತಿ, ಇಪ್ಪತ್ತಕ್ಕೂ ಹೆಚ್ಚು ಜೀವ ಹೋದವು.

ಈಗ ಬನ್ನಿ ನಮ್ಮ ಕೊಪ್ಪಳಕ್ಕೆ. ಪೈಪ್‌ಲೈನ್ ಗುತ್ತಿಗೆದಾರನ ಕಣ್ಣಲ್ಲಿ ಈ ಜಿಲ್ಲೆಯನ್ನು ನೋಡಿದರೆ ಬೇರೆಯೇ ಲೋಕ! ಯಲಬುರ್ಗಾ ಕಡೆ ಎರೆ ಭೂಮಿ: ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಹೂತ ಪೈಪನ್ನು ಹಿಂಡುತ್ತದೆ. ಕುಷ್ಟಗಿ ಕಡೆ ಮಸಾರಿ ಮಣ್ಣು: ಹಿಟಾಚಿ ಇಳಿಸಿದರೆ ಸಲೀಸು, ಆದರೆ ಇಳಕಲ್ಲಿನ ಕೆಂಪು ಗ್ರಾನೈಟಿನ ನೆರೆ ಅದು, ಕಲ್ಲು ಯಾವಾಗ ತಲೆ ಎತ್ತೀತೋ ಹೇಳಲಾಗದು. ಗಂಗಾವತಿಯಲ್ಲಿ ಎಡದಂಡೆ ಕಾಲುವೆ, ಭತ್ತದ ಗದ್ದೆ. ಕಾಲುವೆಗೆ ನೀರು ನಿಲ್ಲಿಸಿದ ಬೇಸಿಗೆಯ ಕೆಲವೇ ವಾರಗಳಲ್ಲಿ ಅಗೆದು, ಹೂತು, ಮೇಲ್ಮಣ್ಣು ಮರಳಿ ಹರಡಿ ಹೊರಬೀಳಬೇಕು. ಅಲ್ಲಿಂದ ಆನೆಗೊಂದಿ ದಾಟಿ ಅಂಜನಾದ್ರಿಯ ಬುಡದ ಹನುಮನಹಳ್ಳಿಗೆ ಬಂದಿರೋ, ಬಂಡೆಯೇ ಬಂಡೆ! ಸುಮಾರು 250 ಕೋಟಿ ವರ್ಷದ ಕಲ್ಲು. ಪೈಪಿನೊಳಗೆ ಓಡುವ ಅನಿಲಕ್ಕೆ ಹತ್ತಾರು ಕೋಟಿ ವರ್ಷದ ವಯಸ್ಸು. ಈ ಬಂಡೆಯ ಮುಂದೆ ಅದು ಮೊನ್ನೆ ಹುಟ್ಟಿದ ಮೊಮ್ಮಗು.

ಟೆಂಡರಿನ ಪುಸ್ತಕದಲ್ಲಿ ಸಾದಾ ಮಣ್ಣಿಗೊಂದು ದರ, ಮೆದು ಬಂಡೆಗೊಂದು, ಹಾರ್ಡ್ ರಾಕ್‌ಗೆ ಮತ್ತೊಂದು. ಕಂಟ್ರಾಕ್ಟರು ಗೆಲ್ಲುವುದೂ ಸೋಲುವುದೂ ಈ ಮೂರು ಸಾಲಿನಲ್ಲೇ. ಬಂಡೆ ಇದ್ದಲ್ಲಿ ಚೂಪುಗಲ್ಲು ತಾಗದಂತೆ ಪೈಪಿನ ಸುತ್ತ ಜರಡಿ ಹಿಡಿದ ಮೆತ್ತನೆ ಮಣ್ಣಿನ ಹಾಸಿಗೆ ಬೇರೆ ಮಾಡಬೇಕು. ಮದ್ದಿಟ್ಟು ಸಿಡಿಸೋಣ ಎಂದರೆ ಹನುಮನಹಳ್ಳಿ 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯ ಎದುರು ದಡ. ಹಂಪಿ ಪ್ರಾಧಿಕಾರದ ಒಪ್ಪಿಗೆ ಇಲ್ಲದೆ ಗುದ್ದಲಿ ಎತ್ತುವಂತಿಲ್ಲ.

ಜಮೀನಿನ ಕಥೆಯೂ ಬೆರಗಿನದೇ. 1962ರ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆಯಡಿ ಹೊಲ ರೈತನದೇ ಆಗಿ ಉಳಿಯುತ್ತದೆ. ಕಂಪನಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಬೆಳೆ ಹಾನಿಗೆ ಬೇರೆ ಪರಿಹಾರ, ಬಳಕೆಯ ಹಕ್ಕಿಗೆ ಜಮೀನಿನ ಮಾರುಕಟ್ಟೆ ಬೆಲೆಯ ಶೇ 10. ಜೋಳ ಬಿತ್ತಬಹುದು, ಶೇಂಗಾ ಹಾಕಬಹುದು. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಶೇ 10 ಬಹಳ ಕಮ್ಮಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗ ಮುಂದೆ ತೋಟ ಮಾಡುತ್ತೇನೆಂದರೆ ತಂದೆ ಏನು ಹೇಳಬೇಕು?

ಹಾಗಾದರೆ ಮುಂದೇನು? ದೇಶದ ಇಂಧನದಲ್ಲಿ ಅನಿಲದ ಪಾಲು ಈಗ ಶೇ 6–7ರ ಆಸುಪಾಸು. 2030ಕ್ಕೆ ಶೇ 15 ಮಾಡಬೇಕೆಂಬುದು ಕೇಂದ್ರ ಸರ್ಕಾರದ ಗುರಿ. ಕೇಳಲು ಗುತ್ತಿಗೆದಾರರಿಗೆ ಹಬ್ಬ. ಆದರೆ ಪೈಪು ಹೋದಲ್ಲೆಲ್ಲ ಗಿರಾಕಿ ಕಾದಿರುವುದಿಲ್ಲ. ದಾಭೋಳ–ಬೆಂಗಳೂರು ಪೈಪೇ ಮೊದಲ ವರ್ಷಗಳಲ್ಲಿ ಸಾಮರ್ಥ್ಯದ ಸಣ್ಣ ಪಾಲನ್ನಷ್ಟೇ ಸಾಗಿಸಿತು. ಹಾಕುವುದೇ ಕಷ್ಟವಾದದ್ದೂ ಉಂಟು: ಕೊಚ್ಚಿ–ಮಂಗಳೂರು ಪೈಪು ಕಾಸರಗೋಡಿನ ಚಂದ್ರಗಿರಿ ಹೊಳೆಯಡಿ ದಾಟಲು ಹೆಣಗಿ, 2021ರ ಜನವರಿ 5ರಂದು ಉದ್ಘಾಟನೆ ಕಂಡಿತು. ಗುತ್ತಿಗೆದಾರರ ಪಾಡೂ ಏರುಪೇರಿನದೇ: ದೇಶವಿದೇಶಗಳಲ್ಲಿ ಪೈಪ್‌ಲೈನ್ ಹಾಕಿ ಹೆಸರಾದ ಪುಂಜ್ ಲಾಯ್ಡ್ ಕಂಪನಿ 2019ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಇನ್ನೊಂದು ತುದಿಯಲ್ಲಿ ಹೈದರಾಬಾದಿನ ಮೇಘಾ ಕಂಪನಿ ಇದೆ: 1989ರಲ್ಲಿ ಸಣ್ಣ ಉದ್ಯಮವಾಗಿ ಶುರುವಾಗಿ, ನೀರಿನ ಪೈಪು ಹಾಕುತ್ತಾ ಬೆಳೆದು, ಇವತ್ತು ಬೆಳಗಾವಿ, ತುಮಕೂರಿನಲ್ಲಿ ತಾನೇ ಗ್ಯಾಸ್ ಮಾರುತ್ತಿದೆ!

ನನ್ನ ಲೆಕ್ಕದಲ್ಲಿ ಮೂರಡಿ ಬಾಯಿಯ ಪೈಪಿನ ಕಾಲ ನಿಧಾನವಾಗುತ್ತಿದೆ, ಅಂಗೈಯಗಲದ ಪೈಪಿನ ಕಾಲ ಶುರುವಾಗಿದೆ. ಬಾಗಲಕೋಟೆ, ಕೊಪ್ಪಳ, ರಾಯಚೂರು ಮೂರೂ ಜಿಲ್ಲೆ ನಗರ ಅನಿಲ ವಿತರಣೆಗೆ ಒಂದೇ ಘಟಕ. ಪೈಪು ಮುಟ್ಟದ ಊರಿಗೆ ಟ್ರಕ್ಕಿನಲ್ಲಿ ಅನಿಲ ತಂದು ಬಂಕಿನಲ್ಲಿ ತುಂಬುವ ಪದ್ಧತಿಯೂ ಇದೆ. ದೊಡ್ಡ ಗಿರಾಕಿಗಳು ಗಿಣಿಗೇರಾ ಸುತ್ತಿನ ಕಬ್ಬಿಣ-ಉಕ್ಕಿನ ಕುಲುಮೆಗಳಲ್ಲಿ ಸಿಗಬಹುದು. ಗಂಗಾವತಿಯ ಅಕ್ಕಿ ಗಿರಣಿಗಳು? ಅವರ ಬಾಯ್ಲರಿಗೆ ಸ್ವಂತ ಭತ್ತದ ಹೊಟ್ಟೇ ಇದೆ. ಬಿಟ್ಟಿ ಉರುವಲನ್ನು ಬಿಟ್ಟು ಗ್ಯಾಸಿನ ಬಿಲ್ಲು ಯಾರು ಕಟ್ಟುತ್ತಾರೆ? ಹನುಮನಹಳ್ಳಿಯಲ್ಲಿ ಉಳಿಯುವುದು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದವರಿಗೆ ಊಟ ಹಾಕುವ ಹೋಟೆಲು, ಹೋಂಸ್ಟೇಗಳು. ಅಷ್ಟಕ್ಕಾಗಿ ಆ ಬಂಡೆ ಸೀಳಲು ಯಾವ ಕಂಪನಿಯೂ ಸದ್ಯಕ್ಕೆ ಮುಂದೆ ಬರಲಿಕ್ಕಿಲ್ಲ.

ಆದರೆ ಕೆಲಸ ಇಲ್ಲಿಯ ಹುಡುಗರಿಗಿದೆ! ಪೇಟೆಯ ಓಣಿಯಲ್ಲಿ ಹೂಳುವುದು ಹಳದಿ, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪೈಪು. ಅದಕ್ಕೆ ಬೆಂಕಿಯ ವೆಲ್ಡಿಂಗ್ ಬೇಡ. ಪೈಪಿನ ತುದಿಯನ್ನು ತೆಳ್ಳಗೆ ಹೆರೆದು, ಒರೆಸಿ, ಒಳಗೆ ತಂತಿ ಸುರುಳಿ ಇರುವ ಕಪ್ಲರಿಗೆ ತೂರಿಸುತ್ತಾರೆ. ಯಂತ್ರ ಕಪ್ಲರಿನ ಬಾರ್‌ಕೋಡ್ ಓದಿ, ಎಷ್ಟು ಸೆಕೆಂಡು ಬಿಸಿ ಮಾಡಬೇಕೆಂದು ತಾನೇ ತಿಳಿದು, ಎರಡನ್ನೂ ಕರಗಿಸಿ ಒಂದು ಮಾಡಿಬಿಡುತ್ತದೆ. ದೊಡ್ಡ ಪೈಪಿನಲ್ಲಿ 90 ಬಾರ್‌ವರೆಗೂ ಏರಬಲ್ಲ ಒತ್ತಡ ಹಂತಹಂತವಾಗಿ ಇಳಿದು ಅಡುಗೆಮನೆಯ ಒಲೆಗೆ ಬರುವಾಗ 21 ಮಿಲಿಬಾರ್, ಅಂದರೆ ನಾಲ್ಕು ಸಾವಿರದಲ್ಲೊಂದು ಪಾಲಿಗಿಂತಲೂ ಕಮ್ಮಿ. ಜೆಸಿಬಿ ಇಟ್ಟುಕೊಂಡು ಕುಡಿಯುವ ನೀರಿನ ಪೈಪು ಹಾಕುತ್ತಿರುವ ಗಂಗಾವತಿ, ಕುಷ್ಟಗಿಯ ಸಣ್ಣ ಕಂಟ್ರಾಕ್ಟರುಗಳಿಗೆ ಮಣ್ಣು ಅಗೆಯುವ ಕೆಲಸ ಹೊಸದೇನಲ್ಲ. ಪ್ಲಾಸ್ಟಿಕ್ ಪೈಪು ಬೆಸೆಯುವ ಆ ಯಂತ್ರ ಹಿಡಿಯಲು ತರಬೇತಾಗಿ ಸರ್ಟಿಫಿಕೇಟು ಪಡೆದ ಇಬ್ಬರು ಐಟಿಐ ಹುಡುಗರು ಜತೆಗಿದ್ದರೆ, ಹೊರಗಿನಿಂದ ಬರುವ ದೊಡ್ಡ ಕಂಪನಿ ಉಪಗುತ್ತಿಗೆಗೆ ಅವರ ಬಾಗಿಲಿಗೇ ಬರಬೇಕಾಗುತ್ತದೆ.