ಅಗ್ಗದ ವಿಮಾನವೂ ತಡವಾದರೆ ದುಬಾರಿ

ಜಹೀರಾಬಾದ, ನಾರಾಯಣಖೇಡ ಕಡೆಯ ನಮ್ಮ ಕನ್ನಡ ಜನಕ್ಕೆ ಜೆಟ್ ವಿಮಾನದ ಸದ್ದು ಹೊಸದಲ್ಲ. ತೊಗರಿ ಹೊಲದಾಗ ಕಳೆ ಕೀಳುವವರು ತಲೆ ಎತ್ತುವಷ್ಟರಲ್ಲಿ ಅದು ಬೀದರ ದಿಕ್ಕಿಗೆ ದಾಟಿ ಹೋಗಿರುತ್ತದೆ. ಅದು ಯುದ್ಧಕ್ಕೆ ಹೊರಟದ್ದಲ್ಲ. ಯುದ್ಧವಿಮಾನ ನಡೆಸಲು ಕಲಿಯುವ ಹುಡುಗರ ಪಾಠಶಾಲೆ.

ಈ ಶಾಲೆಯ ತರಗತಿಗಳು ಹೈದರಾಬಾದ-ಬೀದರ ನಡುವೆಯೇ ಹಬ್ಬಿವೆ. ದುಂಡಿಗಲ್‌ನಲ್ಲಿ ಮೊದಲ ಪಾಠ. ಎರಡನೆಯದು ಬಹುಕಾಲ ಹಕೀಂಪೇಟೆಯಲ್ಲಿ, ಕಿರಣ್ ಜೆಟ್ ಮೇಲೆ. ಯುದ್ಧವಿಮಾನಕ್ಕೆ ಆಯ್ಕೆಯಾದವರಿಗೆ ಬೀದರದಲ್ಲಿ ಹಾಕ್ ಜೆಟ್ ಮೇಲೆ ಮೂರನೆಯದು. ಹೋರಿಗರುವನ್ನು ಒಮ್ಮೆಗೇ ತುಂಬಿದ ಬಂಡಿಗೆ ಯಾರೂ ಕಟ್ಟುವುದಿಲ್ಲವಲ್ಲ, ಇದೂ ಹಾಗೆಯೇ. ಮೆಟ್ಟಿಲೊಂದು ತಪ್ಪಿದರೆ ಜೀವಕ್ಕೇ ಕುತ್ತು.

ತಪ್ಪಿದ ಮೆಟ್ಟಿಲು

ನಮ್ಮ ದೇಶದಲ್ಲಿ ಆ ಮೆಟ್ಟಿಲು ಬಹಳ ವರ್ಷ ಇರಲೇ ಇಲ್ಲ. ನಿಧಾನವಾಗಿ ಹಾರುವ ಜೆಟ್‌ನಲ್ಲಿ ಕಲಿತ ಹುಡುಗರು, ಗಂಟೆಗೆ 300 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೆಲ ಮುಟ್ಟುವ ಮಿಗ್-21 ಏರಬೇಕಾಯಿತು. ನಡುವೆ ಸುಧಾರಿತ ತರಬೇತಿ ಜೆಟ್ ಒಂದು ಬೇಕೆಂದು ಅಪಘಾತಗಳನ್ನು ಪರಿಶೀಲಿಸಿದ ಲಾ ಫೊಂಟೇನ್ ಸಮಿತಿ ಹೇಳಿದ್ದು 1982ರಲ್ಲಿ. ಬ್ರಿಟನ್ನಿನ ಹಾಕ್ ವಿಮಾನಕ್ಕೆ ಸಹಿ ಬಿದ್ದದ್ದು 2004ರ ಮಾರ್ಚಿನಲ್ಲಿ. ಬೀದರದಲ್ಲಿ ಅದು ಸೇವೆಗೆ ಸೇರಿದ್ದು 2008ರ ಫೆಬ್ರುವರಿಯಲ್ಲಿ. ಅಂದರೆ ಕೇಳಿದ್ದು ಕೈಗೆ ಬರಲು 26 ವರ್ಷ! ಬೆಲೆಯ ಚೌಕಾಸಿಯಲ್ಲಿ ಎಷ್ಟು ರೂಪಾಯಿ ಉಳಿಯಿತೋ, ಅಷ್ಟರಲ್ಲಿ ಎಷ್ಟು ಮನೆಗಳ ದೀಪ ಆರಿತೋ. ಮಿಗ್-21ಕ್ಕೆ ‘ಹಾರುವ ಶವಪೆಟ್ಟಿಗೆ’ ಎಂಬ ಹೆಸರು ಅಂಟಿಕೊಂಡದ್ದೂ ಆ ಕಾಲದಲ್ಲಿಯೇ. ಅದು ನಿವೃತ್ತಿಯಾದದ್ದು 2025ರ ಸೆಪ್ಟೆಂಬರಿನಲ್ಲಿ.

ಮೊದಲ ಪಾಠದ ಕಥೆಯೂ ಸುಖದ್ದಲ್ಲ. ಎಚ್‌ಪಿಟಿ-32 ದೀಪಕ್ ಎಂಬ ಪುಟ್ಟ ವಿಮಾನ 2009ರ ಜುಲೈನಲ್ಲಿ ಅಂದಿನ ಮೇದಕ್ ಜಿಲ್ಲೆಯಲ್ಲಿಯೇ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. ಆಮೇಲೆ ದೀಪಕ್ ನೆಲ ಬಿಟ್ಟು ಏಳಲಿಲ್ಲ. 2012ರಲ್ಲಿ ಸ್ವಿಟ್ಜರ್ಲೆಂಡಿನಿಂದ 75 ಪಿಲಾಟಸ್ ವಿಮಾನ ಕೊಳ್ಳಬೇಕಾಯಿತು.

ಬೆಂಗಳೂರಿನ ಪ್ರಯತ್ನ

ನಮ್ಮವರಿಗೆ ವಿಮಾನ ಕಟ್ಟಲು ಬರುವುದಿಲ್ಲ ಎಂದಲ್ಲ. ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಎಚ್‌ಟಿ-2 ಹಾರಿದ್ದು 1951ರಲ್ಲಿ. ಕಿರಣ್ ಮೊದಲು ಹಾರಿದ್ದು 1964ರಲ್ಲಿ, ನಾಲ್ಕೇ ವರ್ಷದಲ್ಲಿ ಸೇವೆಗೂ ಸೇರಿತು.

ಕಿರಣ್ ಜಾಗಕ್ಕೆ ಬರಬೇಕಾಗಿದ್ದ ಸಿತಾರಾ ಮಾತ್ರ ದಾರಿಯಲ್ಲೇ ನಿಂತಿತು. 1999ರಲ್ಲಿ ಮಂಜೂರಾಗಿ 2003ರಲ್ಲಿ ಹಾರಿತು. ರಷ್ಯಾದ ಎಂಜಿನ್ ಬರುವುದು ತಡವಾಯಿತು. 2011ರಲ್ಲಿ ಒಂದು ಪರೀಕ್ಷಾ ವಿಮಾನ ಹೊಸೂರು ಇರುವ ಕೃಷ್ಣಗಿರಿ ಜಿಲ್ಲೆಯಲ್ಲಿ ಬಿತ್ತು. ಪುಣ್ಯಕ್ಕೆ ಪೈಲಟ್‌ಗಳು ಹೊರಜಿಗಿದು ಬದುಕಿದರು. ದೊಡ್ಡ ತೊಡಕು ಬೇರೆಯೇ ಇತ್ತು. ವೇಗ ತಗ್ಗಿ ರೆಕ್ಕೆಯ ಹಿಡಿತ ತಪ್ಪಿದರೆ ವಿಮಾನ ಗಿರಕಿ ಹೊಡೆಯುತ್ತ ಬೀಳುತ್ತದೆ. ಕಲಿಯುವ ಹುಡುಗ ಅದರಿಂದ ಪಾರಾಗುವುದನ್ನು ಅಭ್ಯಾಸ ಮಾಡಲೇಬೇಕು. ಸಿತಾರಾ ಗಿರಕಿಯಿಂದ ಸರಿಯಾಗಿ ಹೊರಬರುತ್ತಿರಲಿಲ್ಲ. ಬಾಲದ ವಿನ್ಯಾಸ ಬದಲಿಸಿ 2019ರಲ್ಲಿ ಮತ್ತೆ ಹಾರಿಸಿದರು. 2025ರಲ್ಲಿ ‘ಯಶಸ್’ ಎಂದು ಹೊಸ ಹೆಸರಿಟ್ಟರು. ಆ ವೇಳೆಗೂ ವಾಯುಪಡೆಗೆ ಸೇರಿರಲಿಲ್ಲ.

ಎಚ್‌ಟಿಟಿ-40ರದು ಇನ್ನೊಂದು ತೆರ. ಪಿಲಾಟಸ್‌ಗಿಂತ ಇದು ದುಬಾರಿಯಾದೀತು ಎಂಬುದು ವಾಯುಪಡೆಯ ವಾದವಾಗಿತ್ತು. ಎಚ್‌ಎಎಲ್ ತನ್ನ ಹಣ ಹಾಕಿಯೇ ಮುಂದುವರಿಸಿ 2016ರ ಮೇ 31ರಂದು ಹಾರಿಸಿ ತೋರಿಸಿತು. 2023ರ ಮಾರ್ಚಿನಲ್ಲಿ 70 ವಿಮಾನಗಳಿಗೆ ಸುಮಾರು 6,800 ಕೋಟಿ ರೂ. ಒಪ್ಪಂದವಾಯಿತು. ಭಾಗಿಸಿದರೆ ಒಂದಕ್ಕೆ 97 ಕೋಟಿ. ಅದರಲ್ಲಿ ನೆಲದ ಮೇಲೆ ಕಲಿಸುವ ಸಿಮ್ಯುಲೇಟರ್, ಇತರ ಸಲಕರಣೆಯೂ ಸೇರಿವೆ. ಅಮೆರಿಕದ ಹನಿವೆಲ್ ಎಂಜಿನ್ ತಡವಾಗಿ, ತಯಾರಿಕೆಯ ಮೊದಲ ವಿಮಾನ ಹಾರಲು 2025ರ ಅಕ್ಟೋಬರ್ ಆಯಿತು.

ಲೆಕ್ಕ ಯಾವುದು?

ಟ್ರ್ಯಾಕ್ಟರ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಷೋರೂಮಿನ ಬೆಲೆ ಒಂದು ಸಲದ್ದು. ಡೀಸೆಲು, ರಿಪೇರಿ, ಬಿಡಿಭಾಗ ವರ್ಷ ವರ್ಷದ್ದು. ತರಬೇತಿ ವಿಮಾನ ನಲವತ್ತು-ಐವತ್ತು ವರ್ಷ ದುಡಿಯುತ್ತದೆ. ಕಿರಣ್ ಐವತ್ತು ದಾಟಿಯೂ ಹಾರಿತು. ಅಷ್ಟು ಕಾಲ ಬಿಡಿಭಾಗಕ್ಕೆ ಪರದೇಶದ ಬಾಗಿಲು ಕಾಯುವುದಕ್ಕಿಂತ, ಬೆಲೆ ತುಸು ಹೆಚ್ಚಾದರೂ ಮನೆಯಲ್ಲೇ ಕಟ್ಟಿದ್ದು ಮೇಲು. ಆದರೆ ಎಂಜಿನ್ ಪರರದಾಗಿರುವ ತನಕ ಆ ಮಾತು ಅರ್ಧ ಮಾತ್ರ ನಿಜ.

ಹೇಳಿದ ಹೊತ್ತಿಗೆ ಬಾರದ ವಿಮಾನ ಎಷ್ಟು ಅಗ್ಗವಾದರೂ ದುಬಾರಿಯೇ, ಯಾಕಂದ್ರೆ ಬಾಕಿ ತೀರಿಸುವವರು ಇಪ್ಪತ್ತು-ಇಪ್ಪತ್ತೆರಡರ ಹುಡುಗ ಹುಡುಗಿಯರು. ಎಚ್‌ಟಿಟಿ-40 ಒಪ್ಪಿದ ಲೆಕ್ಕದಲ್ಲೇ ವಾಯುಪಡೆಯ ಕೈಸೇರಲಿ, ಯಶಸ್ ಹೆಸರಿಗೆ ತಕ್ಕಂತೆ ಬೇಗ ಹಾರಲಿ. ನಮ್ಮ ತೊಗರಿ ಹೊಲದ ಮೇಲೆ ಹಾದು ಹೋಗುವ ಮಕ್ಕಳು ಸುಖವಾಗಿ ಇಳಿಯಲಿ.