ಅಳಿವೆಗಳಲ್ಲಿ ಕುರುಡಿ ಮೀನು ಹಿಡಿಯಲು ಗಾಳದ ದಾರದ ಆಯ್ಕೆ

ಗಾಳದಿಂದ ಮೀನು ಹಿಡಿಯಲು ಉದ್ದೇಶಿಸಿರುವ ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಕೋಲು, ರೀಲು ಮತ್ತು ಎರೆಗಳ ಕುರಿತು ವಹಿಸುವಷ್ಟು ಗಮನವನ್ನು ದಾರದ ಕುರಿತು ವಹಿಸದಿರುವುದರಿಂದ ಮೀನು ಕೈತಪ್ಪುವುದಷ್ಟೇ ಅಲ್ಲದೆ, ಬಾಯಿಯಲ್ಲಿ ಕೊಕ್ಕೆಯನ್ನೂ ಹಿಂದೆ ಮಾರುದ್ದದ ದಾರವನ್ನೂ ಹೊತ್ತುಕೊಂಡೇ ನೀರಿಗೆ ಮರಳುತ್ತದೆ. ಆ ದಾರವು ಬೇರಿಗೋ ಬಂಡೆಗೋ ಸುತ್ತಿಕೊಂಡಲ್ಲಿ ಮೀನು ಅಲ್ಲಿಯೇ ಸಾಯುವ ಸಂಭವವಿರುತ್ತದೆ.

ಕರಾವಳಿಯ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮುಂತಾದ ನದಿಗಳ ಅಳಿವೆಗಳಲ್ಲಿ ಗಾಳ ಹಾಕುವವರು ಹೆಚ್ಚಾಗಿ ಅಪೇಕ್ಷಿಸುವ ಮೀನುಗಳಲ್ಲಿ ಕುರುಡಿ ಅಥವಾ ಸೀಬಾಸ್ ಒಂದಾಗಿದೆ. ಊರಿಂದೂರಿಗೆ ಇದರ ಹೆಸರಿನಲ್ಲಿ ವ್ಯತ್ಯಾಸವಿದೆ. ಇಂಗ್ಲಿಷಿನಲ್ಲಿ ಇದನ್ನು ಜೈಂಟ್ ಸೀ ಪರ್ಚ್ ಎಂದೂ ಕರೆಯಲಾಗುತ್ತದೆ. ಈ ಹೆಸರಿನಿಂದ ಗೊಂದಲಕ್ಕೆ ಅವಕಾಶವಿದೆ. ಯುರೋಪಿನ ಕೆರೆಗಳಲ್ಲಿರುವ ಸಿಹಿನೀರಿನ ಪರ್ಚ್ ಸಣ್ಣ ಮೀನು. ಅದಕ್ಕೆ ಎರಡು ಮೂರು ಕಿಲೊ ಭಾರ ತಾಳುವ ತೆಳು ದಾರವೇ ಸಾಕು. ಪರ್ಚ್ ಮೀನಿಗೆಂದು ನಮೂದಿಸಿದ ಅಂತಹ ದಾರವನ್ನು ಕೊಂಡು ಅಳಿವೆಗೆ ಬಂದವರು ಮೊದಲ ಎಳೆತದಲ್ಲಿಯೇ ಅದನ್ನು ಕಳೆದುಕೊಳ್ಳುವರು.

ಕುರುಡಿಯ ಸ್ವಭಾವವನ್ನು ತಿಳಿದಲ್ಲಿ ದಾರದ ಆಯ್ಕೆ ಸುಲಭವಾಗುತ್ತದೆ. ಇದು ಕಾಂಡ್ಲಾ ಗಿಡಗಳ ಬೇರು, ಸೇತುವೆಯ ಕಂಬ, ಬಂಡೆಗಳ ಮರೆಯಲ್ಲಿ ನಿಂತು, ಉಬ್ಬರ ಇಳಿತಗಳ ಸೆಳೆತದಲ್ಲಿ ಬರುವ ಸೀಗಡಿ ಮತ್ತು ಸಣ್ಣ ಮೀನುಗಳನ್ನು ಹಿಡಿಯುತ್ತದೆ. ಕೊಕ್ಕೆ ಸಿಕ್ಕೊಡನೆ ಅದೇ ಮರೆಗೆ ನುಗ್ಗುತ್ತದೆ. ಆ ಕಂಬಗಳಿಗೂ ಬಂಡೆಗಳಿಗೂ ಅಂಟಿರುವ ಸಿಂಪಿಗಳ ಅಂಚು ಬ್ಲೇಡಿನಂತಿರುತ್ತದೆ. ಮೀನಿನ ಕಿವಿರು ಮುಚ್ಚಳದ ಅಂಚೂ ಹರಿತವಾಗಿದ್ದು, ತಲೆ ಕೊಡವಿದಾಗ ದಾರವನ್ನು ಕತ್ತರಿಸಬಲ್ಲದು. ಅಂದರೆ ಇಲ್ಲಿ ದಾರವು ಭಾರಕ್ಕಿಂತ ಹೆಚ್ಚಾಗಿ ಉಜ್ಜುವಿಕೆಯಿಂದ ತುಂಡಾಗುತ್ತದೆ. ಆದುದರಿಂದ ಒಂದೇ ದಾರವನ್ನು ರೀಲಿನಿಂದ ಕೊಕ್ಕೆಯವರೆಗೆ ಬಳಸದೆ, ಮುಖ್ಯ ದಾರ ಒಂದು, ಕೊಕ್ಕೆಯ ಬಳಿಯ ತುದಿದಾರ ಮತ್ತೊಂದು ಎಂದು ಎರಡನ್ನು ಬಳಸುವುದು ಸೂಕ್ತ.

ಮುಖ್ಯ ದಾರ

ಕರಾವಳಿಯಲ್ಲಿ ತಂಗೂಸಿ ಎಂದು ಕರೆಯಲ್ಪಡುವ ಒಂಟಿ ಎಳೆಯ ನೈಲಾನ್ ದಾರವು ಅಗ್ಗವಾಗಿದ್ದು, ಗಂಟು ಹಾಕಲು ಸುಲಭವಾಗಿದೆ. ಇದು ಸ್ವಲ್ಪ ಹಿಗ್ಗುವುದರಿಂದ ಮೀನಿನ ಹಠಾತ್ ಎಳೆತವನ್ನು ತಡೆದುಕೊಳ್ಳುತ್ತದೆ. ಹೊಸದಾಗಿ ಕಲಿಯುವವರಿಗೆ ಹಾಗೂ ಕೈಗಾಳ ಹಾಕುವವರಿಗೆ ಸುಮಾರು 0.40 ಮಿ.ಮೀ. ದಪ್ಪದ, 9ರಿಂದ 10 ಕಿಲೊ ತಾಳುವ ನೈಲಾನ್ ದಾರವು ಯೋಗ್ಯವಾಗಿರುತ್ತದೆ. ನೈಲಾನ್ ನೀರನ್ನು ಹೀರುವುದರಿಂದ ಒದ್ದೆಯಾದಾಗ ಅದರ ಬಲ ಸ್ವಲ್ಪ ಕುಂದುತ್ತದೆ ಎಂಬುದನ್ನು ಗಮನದಲ್ಲಿಡುವುದು. ಬಿಸಿಲಿನಲ್ಲಿ ಇಟ್ಟ ದಾರವು ಹೊರನೋಟಕ್ಕೆ ಚೆನ್ನಾಗಿ ಕಂಡರೂ ಒಳಗೆ ಸವೆದಿರುತ್ತದೆ. ಅಂಗಡಿಯ ಕಿಟಕಿಯಲ್ಲಿ ಬಹುಕಾಲ ತೂಗಿದ ಉಂಡೆಯನ್ನು ರಿಯಾಯಿತಿಯ ಆಸೆಗೆ ಕೊಳ್ಳಬಾರದು.

ಪಾಲಿಎಥಿಲೀನ್ ನೂಲುಗಳಿಂದ ಹೆಣೆದ ದಾರವು ಅಷ್ಟೇ ಬಲಕ್ಕೆ ನೈಲಾನಿನ ಅರ್ಧದಷ್ಟೇ ದಪ್ಪವಿರುತ್ತದೆ. ಇದು ಹಿಗ್ಗುವುದಿಲ್ಲವಾದ್ದರಿಂದ ಮೀನು ಎರೆಯನ್ನು ಮುಟ್ಟಿದ್ದು ಕೈಗೆ ಕೂಡಲೇ ತಿಳಿಯುತ್ತದೆ ಮತ್ತು ಬೇರಿನತ್ತ ಓಡುವ ಮೀನನ್ನು ತಡೆಯಲು ಅನುಕೂಲವಾಗುತ್ತದೆ. ಆದರೆ ಬಿಗಿಯಾಗಿರುವಾಗ ಸಿಂಪಿಯ ಅಂಚಿಗೆ ತಗುಲಿದರೆ ಕ್ಷಣದಲ್ಲಿ ತುಂಡಾಗುತ್ತದೆ. ಬರಿಗೈಗೆ ಸುತ್ತಿ ಎಳೆದರೆ ಬೆರಳನ್ನೂ ಕೊಯ್ಯುತ್ತದೆ. ಕೈಗಾಳಕ್ಕೆ ಇದನ್ನು ಬಳಸಲೇಬಾರದು.

ದಾರದ ಬಲವನ್ನು ಅನೇಕ ಉಂಡೆಗಳ ಮೇಲೆ ಪೌಂಡುಗಳಲ್ಲಿ ನಮೂದಿಸಿರುತ್ತಾರೆ. 20 ಪೌಂಡ್ ಎಂದರೆ ಸುಮಾರು 9 ಕಿಲೊ ಎಂದು ಲೆಕ್ಕ ಹಾಕುವುದು.

ತುದಿದಾರ

ಮುಖ್ಯ ದಾರದ ತುದಿಗೆ ಸುಮಾರು ಒಂದು ಮೀಟರ್ ಉದ್ದದ, 0.50ರಿಂದ 0.60 ಮಿ.ಮೀ. ದಪ್ಪದ ತುದಿದಾರವನ್ನು ಕಟ್ಟತಕ್ಕದ್ದು. ಇದಕ್ಕೆ ನೈಲಾನ್ ಅಥವಾ ಫ್ಲೋರೋಕಾರ್ಬನ್ ದಾರವನ್ನು ಬಳಸಬಹುದು. ಫ್ಲೋರೋಕಾರ್ಬನ್ ನೀರಿನಲ್ಲಿ ನೈಲಾನಿಗಿಂತ ಕಡಿಮೆ ಕಾಣುತ್ತದೆ, ಬೇಗ ಮುಳುಗುತ್ತದೆ, ಉಜ್ಜುವಿಕೆಯನ್ನೂ ಚೆನ್ನಾಗಿ ತಾಳುತ್ತದೆ. ಬೆಲೆ ಮಾತ್ರ ಹೆಚ್ಚು. ಮಳೆಗಾಲದ ಕೆಂಪು ನೀರಿನಲ್ಲಿ ದಾರ ಕಾಣುವ ಪ್ರಶ್ನೆಯೇ ಇಲ್ಲದ ಕಾರಣ ದಪ್ಪ ನೈಲಾನ್ ತುದಿದಾರವೇ ಸಾಕು. ಬೇಸಿಗೆಯ ತಿಳಿನೀರಿನಲ್ಲಿ ಫ್ಲೋರೋಕಾರ್ಬನ್ನಿಗೆ ಕೊಟ್ಟ ಹಣ ವ್ಯರ್ಥವಲ್ಲ. ಒಂದು ಮೀನು ಹಿಡಿದ ನಂತರ ತುದಿದಾರವನ್ನು ಬೆರಳಿನಿಂದ ಸವರಿ ನೋಡಿ, ಒರಟಾಗಿದ್ದಲ್ಲಿ ಆ ಭಾಗವನ್ನು ಕತ್ತರಿಸಿ ಹೊಸದಾಗಿ ಕಟ್ಟುವುದು.

ಈ ಎರಡು ದಾರಗಳು ಸೇರುವ ಗಂಟೇ ಸಾಮಾನ್ಯವಾಗಿ ಎಲ್ಲಕ್ಕಿಂತ ದುರ್ಬಲವಾದ ಸ್ಥಳವಾಗಿರುತ್ತದೆ. ಇದು ದೋಷವೆಂದು ತೋರಿದರೂ ವಾಸ್ತವವಾಗಿ ಉಪಯುಕ್ತವಾಗಿದೆ. ಕೊಕ್ಕೆ ಬಂಡೆಗೆ ಸಿಕ್ಕಿ ಎಳೆಯಬೇಕಾಗಿ ಬಂದಾಗ ದಾರವು ಅಲ್ಲಿಯೇ ತುಂಡಾಗಿ, ನೀರಿನಲ್ಲಿ ಉಳಿಯುವುದು ಒಂದು ಮೀಟರ್ ಮಾತ್ರ. ಮುಖ್ಯ ದಾರದ ಮಧ್ಯದಲ್ಲಿ ಗಂಟುಗಳಿದ್ದಲ್ಲಿ ಮೂವತ್ತು ನಲವತ್ತು ಮೀಟರ್ ಉಳಿಯಬಹುದು. ಹಳೆಯ ತುಂಡುಗಳನ್ನು ಜೋಡಿಸಿ ಬಳಸುವ ಅಭ್ಯಾಸವನ್ನು ಈ ಕಾರಣಕ್ಕಾಗಿ ಬಿಡತಕ್ಕದ್ದು. ಗಂಟನ್ನು ಬಿಗಿಯುವ ಮೊದಲು ಒದ್ದೆ ಮಾಡುವುದು. ಒಣ ಗಂಟು ಬಿಗಿಯುವಾಗ ಉಂಟಾಗುವ ಶಾಖದಿಂದ ನೈಲಾನ್ ಬಲ ಕಳೆದುಕೊಳ್ಳುತ್ತದೆ. ರೀಲಿನ ಬಿಗಿಯನ್ನು ದಾರದ ಬಲದ ಮೂರನೇ ಒಂದು ಭಾಗಕ್ಕೆ ಮೀರದಂತೆ ಇಡುವುದು.

ತೆಳು ದಾರದಲ್ಲಿ ದೊಡ್ಡ ಮೀನನ್ನು ಆಡಿಸಿ ಹಿಡಿಯುವುದೇ ಕೌಶಲ ಎಂಬ ಅಭಿಪ್ರಾಯ ಕೆಲವರಲ್ಲಿದೆ. ಕುರುಡಿಯ ವಿಷಯದಲ್ಲಿ ಇದು ಸಮಂಜಸವಲ್ಲ. ಈ ಮೀನು ಮೊದಲು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗಿ ಮಾರ್ಪಡುತ್ತದೆ. ಆದುದರಿಂದ ದೊಡ್ಡ ಗಾತ್ರದ ಕುರುಡಿಗಳು ಬಹುತೇಕ ಮೊಟ್ಟೆಯಿಡುವ ಹೆಣ್ಣುಗಳೇ ಆಗಿರುತ್ತವೆ. ಇವುಗಳನ್ನು ಹಿಡಿದು ಬಿಡಲು ಇಚ್ಛಿಸುವವರು ಸಾಕಷ್ಟು ಬಲದ ದಾರದಿಂದ ಬೇಗನೆ ದಡಕ್ಕೆ ತಂದು, ಒದ್ದೆ ಕೈಯಿಂದ ಕೊಕ್ಕೆ ಬಿಡಿಸಿ ಬಿಡುವುದು. ಬಹಳ ಹೊತ್ತು ಸೆಣಸಿ ದಣಿದ ಮೀನು ಈಜಿಹೋದಂತೆ ಕಂಡರೂ ಅನಂತರ ಸಾಯಬಹುದು.

ಬಳಸಿದ ದಾರವನ್ನು ದಡದಲ್ಲಾಗಲಿ ನೀರಿನಲ್ಲಾಗಲಿ ಎಸೆಯಬಾರದು. ನೈಲಾನ್ ಕೊಳೆಯುವುದಿಲ್ಲ, ಕೊಕ್ಕರೆ, ನೀರುನಾಯಿ ಹಾಗೂ ಆಮೆಗಳ ಕಾಲು ಕುತ್ತಿಗೆಗಳಿಗೆ ಅದು ಉರುಳಾಗುತ್ತದೆ. ಸಣ್ಣ ತುಂಡುಗಳಾಗಿ ಕತ್ತರಿಸಿ ಮನೆಗೆ ಒಯ್ದು ಒಣ ಕಸದೊಂದಿಗೆ ವಿಲೇವಾರಿ ಮಾಡುವುದು.

ತಾವು ಗಾಳ ಹಾಕಲಿರುವ ಜಲಪ್ರದೇಶಕ್ಕೆ ಪರವಾನಗಿಯ ಅಗತ್ಯವಿದೆಯೇ ಎಂಬುದನ್ನು ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳುವುದು. ವನ್ಯಜೀವಿ ಸಂರಕ್ಷಿತ ಪ್ರದೇಶಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಅನ್ವಯಿಸುವುದರಿಂದ ಅಂತಹ ಸ್ಥಳಗಳ ಬಗ್ಗೆ ಅರಣ್ಯ ಇಲಾಖೆಯನ್ನು ಸಂಪರ್ಕಿಸತಕ್ಕದ್ದು.