ಹಳೇ ಮಣ್ಣಿನ ಮನೆ: ಕೆಡವುವ ಮೊದಲು ಮಾಡು ನೋಡಿ

ನಮ್ಮ ಮೊದಲ ಮನೆ ತೋಟದ ತಲೆಯಲ್ಲಿ ಇನ್ನೂ ನಿಂತಿದೆ. 1978ರಲ್ಲಿ ಕಟ್ಟಿದ್ದು. ಎರಡು ಕೋಣೆ, ಒಂದು ಜಗಲಿ, ಹಿಂದೆ ಒಲೆ, ಅಷ್ಟೆ. ಗೋಡೆಗೆ ಗುಡ್ಡೆ ಕಡಿದ ಮಣ್ಣು, ಪಕ್ಕಾಸಿಗೆ ಬಲಿತ ಅಡಿಕೆ ಮರ. ಮೊದಲು ಮುಳಿಹುಲ್ಲು ಹೊದೆಸಿದ್ದೆವು, ಧಾರಣೆ ಬಂದ ವರ್ಷ ಹಂಚಾಯಿತು. ರಸ್ತೆ ಬದಿ ತಾರಸಿ ಮನೆ ಆದಾಗ, ಇದನ್ನು ಕೆಡವಿ ನಾಲ್ಕು ಸಾಲು ಅಡಿಕೆ ಇಡುವಾ ಅಂತ ಮನೆಯಲ್ಲೇ ಮಾತು ಬಂತು. ಈಗ ನೋಡಿದರೆ, ಮೇ ರಜೆಗೆ ಬೆಂಗಳೂರಿಂದ ಬರುವ ಮಕ್ಕಳು, ಮೊಮ್ಮಕ್ಕಳು ಚಾಪೆ ಹಿಡಿದು ಅಲ್ಲಿಗೇ ಓಡುತ್ತಾರೆ. ತಾರಸಿ ಹಗಲು ಕುಡಿದ ಬಿಸಿಲನ್ನು ರಾತ್ರಿ ನಮ್ಮ ಮೇಲೆ ಬಿಡುತ್ತದೆ. ಹಂಚಿನ ಸಂದಿಯಲ್ಲಿ ಸೆಕೆ ಹೊರಗೆ ಹೋಗುತ್ತದೆ, ದಪ್ಪ ಮಣ್ಣಿನ ಗೋಡೆ ಬೇಗ ಕಾಯುವುದೂ ಇಲ್ಲ.

ಊರಲ್ಲಿ ಇಂಥ ಮನೆಗಳು ಹಲವು ಬಿದ್ದವು. ವಯಸ್ಸಾಗಿ ಬಿದ್ದದ್ದಲ್ಲ, ನೀರು ಇಳಿದು ಬಿದ್ದದ್ದು. ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಮಂಗ ಹಾರಿ ಒಂದೇ ಹಂಚು ಜಾರಿದರೂ ಗೋಡೆಯ ತಲೆ ನೆನೆಯುತ್ತದೆ, ಹಾಗೇ ಬಿಟ್ಟರೆ ಎರಡು ಮಳೆಗಾಲ ಸಾಕು. ಆದ್ದರಿಂದ ಮೇ ಮೊದಲ ವಾರದೊಳಗೆ ಮಾಡು ಹತ್ತಿಸಿ, ಒಡೆದದ್ದು ಬದಲಿಸಿ, ತರಗೆಲೆ ಗುಡಿಸಿ. ಮಂಗಳೂರಿನ ಹಂಚಿನ ಕಾರ್ಖಾನೆಗಳು ಎಷ್ಟೋ ಮುಚ್ಚಿವೆ. ಅಳತೆ ಕೂಡುವ ಹಳೇ ಹಂಚು ಎಲ್ಲಿ ಕಂಡರೂ ಐವತ್ತು ತಂದು ಕೊಟ್ಟಿಗೆಯಲ್ಲಿ ಅಟ್ಟಿ ಇಡಿ.

ಮಾಡಿನ ನೀರು ಬೀಳುವಲ್ಲಿ ಮುರಕಲ್ಲು ಹಾಸಿ, ಸಣ್ಣ ಕಣಿ ಮಾಡಿ ಹೊರಗೆ ಬಿಡಬೇಕು. ಇಲ್ಲದಿದ್ದರೆ ಎರಚಲು ಗೋಡೆಯ ಬುಡ ತಿನ್ನುತ್ತದೆ.

ಚಂದಕ್ಕೆಂದು ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಬೇಡಿ. ಒಳಗಿನ ಪಸೆ ಆರಲು ದಾರಿಯಿಲ್ಲದೆ ಗಾರೆ ಹಪ್ಪಳದ ಹಾಗೆ ಏಳುತ್ತದೆ, ಬರುವಾಗ ಮಣ್ಣನ್ನೂ ಎಳೆದುಕೊಂಡು ಬರುತ್ತದೆ. ಮಣ್ಣಿನದೇ ಗಾರೆ, ಮೇಲೆ ಸುಣ್ಣ, ಇದೇ ಸರಿ.

ಒರಲೆಗೆ ಬೀಗ ಹಾಕಿದ ಮನೆ ಅಂದರೆ ಪ್ರೀತಿ. ವಾರಕ್ಕೊಮ್ಮೆ ಬಾಗಿಲು ತೆರೆದು ಒಲೆ ಹಚ್ಚುತ್ತೇವೆ. ಹೊಗೆ ತಾಗಿದ ಪಕ್ಕಾಸಿಗೆ ಕುಟ್ಟೆ ಹಿಡಿಯುವುದು ಕಡಿಮೆ. ಕ್ಯಾಲೆಂಡರು, ಕಪಾಟಿನ ಹಿಂದೆ ಮಣ್ಣಿನ ಗೆರೆ ಕಂಡರೆ ಆವತ್ತೇ ಕೆರೆದು ಹಾಕಿ. ಅಡಿಕೆ ಪಕ್ಕಾಸು ಬದಲಿಸುವುದಾದರೆ ಒಳಗಿನ ತಿರುಳು ಪೂರಾ ಕೆತ್ತಿ ತೆಗೆಯಬೇಕು, ಹುಳ ಶುರುವಾಗುವುದೇ ಅಲ್ಲಿ.

ಖರ್ಚು ಅಂದರೆ ವರ್ಷಕ್ಕೆ ಇಬ್ಬರ ಎರಡು ದಿನದ ಸಂಬಳ. ಕಷ್ಟ ಇರುವುದು ಮಾಡು ಹತ್ತುವ ಜನ ಸಿಗುವುದರಲ್ಲಿ, ಮಾರ್ಚಿನಲ್ಲೇ ಹೇಳಿ ಇಟ್ಟುಕೊಳ್ಳಿ.